ತೊಂಬತ್ತಾರನೆಯ ಫ್ರೇಮಿನಲ್ಲಿ ಕಂಡವಳು

ರಸ್ತೆಯ ಮೇಲೆ ಹರವಿದ ಕಡಲೆ ಗಿಡ ರಸ್ತೆಯೋ, ಅಡ್ಡಿಯೋ? ಈ ಪ್ರಶ್ನೆಗೆ ಉತ್ತರ ಬರೆದುಕೊಟ್ಟವಳು ನಾನು. ಬರೆದ ದಿನ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮನೆಗೆ ಹೋಗುವ ರೈಲಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಅದನ್ನು ಹೇಳಿ ತಲೆ ತಿಂದಿದ್ದೆ. ಆಕೆ ಪಾಪ ಎಲ್ಲ ಕೇಳಿಸಿಕೊಂಡು, 'ಇದಕ್ಕೂ ಆಫೀಸ್ ಬೇಕೇನವ್ವ?' ಎಂದಿದ್ದಳು.

ಆಫೀಸು ಇದ್ದದ್ದು ಶಹಾಬಾದಿನಲ್ಲಿ, ಕಲ್ಲು ಕೊಯ್ಯುವ ಮಷಿನ್ನಿನ ಸದ್ದು ದಿನವಿಡೀ ಕೇಳುವ ಒಂದು ಮಾಳಿಗೆಯ ಮೇಲೆ. ನಾನು ನಾಲವಾರದಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು, ವಾಡಿಯಲ್ಲಿ ಗಾಡಿ ಬದಲಿಸಿ ಬರುತ್ತಿದ್ದೆ. ಹದಿನಾಲ್ಕು ಜನ, ಹದಿನಾಲ್ಕು ಕಂಪ್ಯೂಟರ್, ಕಲ್ಲಿನ ಧೂಳು ಒಳಗೆ ಬಾರದಿರಲೆಂದು ಸದಾ ಮುಚ್ಚಿದ ಕಿಟಕಿ. ಚಾಲಕನಿಲ್ಲದೆ ತಾನೇ ಓಡುವ ಟ್ಯಾಕ್ಸಿ ತಯಾರಿಸುತ್ತಿದ್ದ ಒಂದು ಕಂಪನಿಗೆ ನಾವು ಕಣ್ಣು ಕಲಿಸುವವರು. ನಮ್ಮ ಸೀಮೆಯ ರಸ್ತೆಯಲ್ಲಿ ಓಡಿದ ಗಾಡಿ ಈ ದೇಶದ ಯಾವ ರಸ್ತೆಯಲ್ಲಾದರೂ ಓಡುತ್ತದೆ ಎಂದು ಕಂಪನಿಯವರು ನಂಬಿದ್ದರು. ಅದನ್ನು ಕೇಳಿ ನಾವು ನಕ್ಕಿದ್ದೆವು, ಒಳಗೊಳಗೆ ಉಬ್ಬಿಯೂ ಇದ್ದೆವು.

ಕೆಲಸ ಹೀಗೆ. ತಲೆಯ ಮೇಲೆ ಆರು ಕ್ಯಾಮೆರಾ ಹೊತ್ತ ಒಂದು ಬಿಳಿ ಬ್ಯಾಟರಿ ಕಾರು ವಾಡಿ–ಚಿತ್ತಾಪುರ ಮತ್ತು ಸೇಡಂ–ಸುಲೇಪೇಟ–ಚಿಂಚೋಳಿ ರಸ್ತೆಗಳಲ್ಲಿ ದಿನವೂ ಓಡಾಡುತ್ತಿತ್ತು. ಅದು ಕಂಡದ್ದೆಲ್ಲ ವಿಡಿಯೋ ಆಗಿ ನಮಗೆ ಬರುತ್ತಿತ್ತು, ಸೆಕೆಂಡಿಗೆ ಹತ್ತು ಚಿತ್ರದ ಲೆಕ್ಕದಲ್ಲಿ ಬಿಡಿಬಿಡಿಯಾಗಿ. ಆ ಒಂದೊಂದು ಚಿತ್ರಕ್ಕೆ ಫ್ರೇಮು ಎನ್ನುತ್ತಿದ್ದೆವು. ಪ್ರತಿ ಫ್ರೇಮಿನಲ್ಲೂ ಮನುಷ್ಯನ ಸುತ್ತ ಹಸಿರು ಚೌಕ, ದನದ ಸುತ್ತ ಹಳದಿ ಚೌಕ, ಓಡಬಹುದಾದ ರಸ್ತೆಗೆ ನೀಲಿ ಬಣ್ಣ. ಒಂದೇ ವಿಡಿಯೋವನ್ನು ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಗುರುತು ಹಾಕಬೇಕು. ಇಬ್ಬರದೂ ತಾಳೆಯಾಗದಿದ್ದರೆ ಅದು ನನ್ನ ಬಳಿ ಬರುತ್ತಿತ್ತು. ನಾನು ಪರಿಶೀಲಕಿ, ನಾನು ಒಪ್ಪಿದ್ದೇ ಸತ್ಯ. ನನ್ನ ಕಣ್ಣು ಚುರುಕು ಎಂದು ಎಲ್ಲರೂ ಹೇಳುತ್ತಿದ್ದರು, ಎಲ್ಲರಿಗಿಂತ ಹೆಚ್ಚು ನಾನೇ ಹೇಳಿಕೊಳ್ಳುತ್ತಿದ್ದೆ.

ಕಾರು ತಾನೇ ಓಡುತ್ತಿದ್ದರೂ ಅದರ ಸ್ಟೇರಿಂಗಿನ ಹಿಂದೆ ಒಬ್ಬ ಮನುಷ್ಯ ಕೂರಲೇಬೇಕೆಂಬ ಷರತ್ತಿನ ಮೇಲೆ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತ್ತು. ಹಾಗೆ ಕೂರಲು ಕಂಪನಿ ಆರಿಸಿದ್ದು ಸೇಡಂನ ಒಬ್ಬ ಚಾಲಕರನ್ನು. ಐವತ್ತು ದಾಟಿದವರು, ಇಪ್ಪತ್ತೆರಡು ವರ್ಷ ಸೇಡಂನಿಂದ ಚಿಂಚೋಳಿಗೆ ಸೀಟು ತುಂಬಿಸಿಕೊಂಡು ಜೀಪು ಓಡಿಸಿದವರು. ಒಂದು ಕೇಸೂ ಇಲ್ಲದ ಲೈಸೆನ್ಸು. ವಾರಕ್ಕೆ ಎರಡು ಸಲ ವಿಡಿಯೋ ತುಂಬಿದ ಡಿಸ್ಕ್ ಕೊಡಲು ಆಫೀಸಿಗೆ ಬರುತ್ತಿದ್ದರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು.

'ಕುಂದ್ರೋದೇ ಕೆಲಸ ಆಗ್ಯದ್ರಿ ಮೇಡಂ. ಕೈ ತೊಡಿ ಮ್ಯಾಲ ಇಟ್ಕೊಂಡು ಕುಂದ್ರಬೇಕು. ಸಂಜೀಕ ಕೈ ಭಾಳ ನೋಯ್ತಾವ' ಎಂದು ಅವರು ಒಮ್ಮೆ ಹೇಳಿದರು. ಏನೂ ಮಾಡದ ಕೈ ಯಾಕೆ ನೋಯುತ್ತದೆ ಎಂದು ನಾವೆಲ್ಲ ನಕ್ಕೆವು.

ತೊಂದರೆ ಶುರುವಾದದ್ದು ರಾಶಿಯ ಕಾಲ ಬಂದಾಗ. ನಮ್ಮ ಕಡೆ ಸಣ್ಣ ಹೊಲದವರು ಕಡಲೆ, ಹುರುಳಿ, ಹೆಸರು ಕಿತ್ತು ಒಣಗಿಸಿ ಡಾಂಬರಿನ ಮೇಲೆ ಹರವುತ್ತಾರೆ. ಬಸ್ಸು ಲಾರಿ ಹಾಯ್ದರೆ ಕಾಳು ತಾನೇ ಬೇರೆಯಾಗುತ್ತದೆ. ಹಾಗೆ ಹರವಬಾರದೆಂದು ಪೊಲೀಸರು ಆಗಾಗ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಆದರೆ ನಮ್ಮ ಗುರುತಿನ ಪುಸ್ತಕದಲ್ಲಿ ರಸ್ತೆಯ ಮೇಲೆ ಬಿದ್ದ ಗಿಡ, ಕೊಂಬೆ, ಸೊಪ್ಪು ಎಲ್ಲ 'ಅಡ್ಡಿ'. ನಾವು ಹಾಗೇ ಗುರುತು ಹಾಕಿದೆವು. ಕಾರು ಹಾಗೇ ಕಲಿತು, ಪ್ರತಿ ರಾಶಿಯ ಮುಂದೆಯೂ ನಿಂತುಬಿಡತೊಡಗಿತು.

ಸುಲೇಪೇಟದ ಹತ್ತಿರ ಒಂದು ದಿನ ಅದು ನಿಂತಾಗ ಹಿಂದೆ ಎರಡು ಬಸ್ಸು, ಒಂದು ಕಬ್ಬಿನ ಟ್ರ್ಯಾಕ್ಟರ್ ನಿಂತವು. ರಾಶಿಯ ಯಜಮಾನ ಓಡಿ ಬಂದು ಕಿಟಕಿ ಬಡಿದ. ಆ ವಿಡಿಯೋದಲ್ಲಿ ಅವನ ಮಾತು ಸ್ಪಷ್ಟವಾಗಿ ಕೇಳುತ್ತದೆ.

'ಹಾಯ್ಸೋ ಮಾರಾಯ! ನಿನ್ನ ಗಾಡಿ ಹಾಯೋದ್ಕೇ ಹಾಸೀನಿ. ಕೈ ಬಿದ್ದಾವೇನು ನಿಂದು?'

'ನಂದಲ್ಲಪ್ಪಾ, ಗಾಡಿ ಒಲ್ಲೆ ಅನ್ಲಿಕತ್ತದ' ಎಂದರು ನಮ್ಮ ಚಾಲಕರು. ಆ ತುಣುಕನ್ನು ನಾವು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಐದಾರು ಸಲ ಹಾಕಿ ನೋಡಿದೆವು.

ನಮ್ಮ ಮೇಲೆ ಒಬ್ಬ ಇಂಜಿನಿಯರ್ ಇದ್ದರು, ಮೈಸೂರು ಕಡೆಯವರು, ಮಾತು ಮೆತ್ತಗೆ. ಅವರು ಗುರುತನ್ನು 'ಮೃದು ಅಡ್ಡಿ' ಎಂದು ಬದಲಿಸಿ ನೋಡೋಣ ಎಂದರು. ಒಂದು ವಾರ ಕೂತು ಬದಲಿಸಿದೆವು. ಈಗ ಕಾರು ನಿಲ್ಲುವ ಬದಲು ರಾಶಿಯನ್ನು ತಪ್ಪಿಸಿಕೊಂಡು ಹೋಗಲು ಕಲಿತು, ಚಿತ್ತಾಪುರ ರಸ್ತೆಯ ತಿರುವಿನಲ್ಲಿ ಬಲಕ್ಕೆ ಸರಿದು ಎದುರಿನ ಬಸ್ಸಿಗೆ ಮುಖ ಕೊಟ್ಟಿತು. ಚಾಲಕರು ಸ್ಟೇರಿಂಗ್ ಹಿಡಿದು ಎಳೆದದ್ದರಿಂದ ಉಳಿದರು. ಇಂಜಿನಿಯರ್ ನನ್ನ ಟೇಬಲ್ಲಿಗೆ ಬಂದು ಕೂತರು.

'ಇಲ್ಲಿಯವರು ನಿಜಕ್ಕೂ ಏನು ಮಾಡ್ತಾರೆ, ಅದನ್ನ ಹೇಳಿ. ನೀವು ಹುಟ್ಟಿ ಬೆಳೆದದ್ದು ಇಲ್ಲೇ ಅಲ್ವಾ?'

'ಅದರ ಮ್ಯಾಲೇ ಹಾಯಸ್ತಾರ್ರಿ ಸರ್. ಅದು ರಸ್ತೆನೇ.'

'ಹಾಗಾದ್ರೆ ನಿಯಮ ನೀವೇ ಬರೀರಿ' ಎಂದರು.

ಬರೆದೆ. ನಿಯಮ ನಲವತ್ತೊಂದು. ಪಾದ ಮುಳುಗುವಷ್ಟು ಎತ್ತರಕ್ಕೆ ಹರವಿದ ಬೆಳೆ ಇದ್ದರೆ ಓಡಬಹುದಾದ ರಸ್ತೆ, ನೀಲಿ ಬಣ್ಣ. ಮೊಣಕಾಲಿಗಿಂತ ಎತ್ತರದ ಬಣವೆ ಇದ್ದರೆ ಅಡ್ಡಿ. ತುದಿಗೆ ಇಟ್ಟ ಕಲ್ಲು ಅಡ್ಡಿ. ರಾಶಿಯ ಮೇಲೆ ಮನುಷ್ಯ ಇದ್ದರೆ ಮನುಷ್ಯನಿಗೆ ಬೇರೆ ಚೌಕ. ಒಣಗಿದ್ದಕ್ಕೊಂದು, ಹಸಿಯದಕ್ಕೊಂದು ಚಿತ್ರ ಅಂಟಿಸಿದೆ. ಎರಡು ಪುಟ. ಇಂಜಿನಿಯರ್ ಅದನ್ನು ಮೇಲಿನವರಿಗೆ ಕಳಿಸಿ, ಇಂಥ ನಿಯಮ ಪ್ರಪಂಚದಲ್ಲಿ ಯಾವ ಕಂಪನಿಯ ಪುಸ್ತಕದಲ್ಲೂ ಇರಲಾರದು ಎಂದು ಹೊಗಳಿದರು. ರೈಲಿನಲ್ಲಿ ಪಕ್ಕದವಳ ತಲೆ ತಿಂದದ್ದು ಆ ಸಂಜೆಯೇ.

ನಾನು ಬರೆಯದೆ ಬಿಟ್ಟದ್ದು ಒಂದು ಇತ್ತು. ರಾಶಿಯ ಮೇಲೆ ಹಾಯುವ ಮುಂಚೆ ನಮ್ಮ ಕಡೆಯ ಡ್ರೈವರುಗಳು ಎರಡು ಸಣ್ಣ ಹಾರನ್ ಹೊಡೆಯುತ್ತಾರೆ. ಆಗ ಕಾಳು ಕೇರುತ್ತ ಕೂತ ಹೆಂಗಸರು ಎದ್ದು ಪಕ್ಕಕ್ಕೆ ಸರಿಯುತ್ತಾರೆ, ಗಾಡಿ ಹಾಯ್ದ ಮೇಲೆ ಮತ್ತೆ ಬಂದು ಕೂರುತ್ತಾರೆ. ಹಾರನ್ ಕೇಳುವವರೆಗೆ ಅವರು ಹಿಂತಿರುಗಿಯೂ ನೋಡುವುದಿಲ್ಲ. ನೋಡುತ್ತ ಕೂತರೆ ಕೆಲಸ ಸಾಗಬೇಕಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಉಸಿರಾಡಬೇಕೆಂದು ಯಾರೂ ಯಾರಿಗೂ ಬರೆದುಕೊಡುವುದಿಲ್ಲವಲ್ಲ, ಹಾಗೆ ನಾನೂ ಬರೆಯಲಿಲ್ಲ. ಮೈಸೂರಿನವರಾಗಿದ್ದರೆ ಕೇಳಿ ಬರೆದಿರುತ್ತಿದ್ದರೇನೋ.

ನಿಯಮ ಬಂದ ಮೇಲೆ ಕಾರು ಚೆನ್ನಾಗಿಯೇ ಹಾಯತೊಡಗಿತು. ತನ್ನ ಪಾಡಿಗೆ ವೇಗ ಸ್ವಲ್ಪ ಇಳಿಸಿ, ಕಡಲೆಯ ಮೇಲೆ ಚರಚರ ಸದ್ದು ಮಾಡುತ್ತ ಹೋಗುತ್ತಿತ್ತು. ಉಳಿದದ್ದು ಕೆಂಪು ಚುಕ್ಕಿಯ ಸಮಸ್ಯೆ. ಚಾಲಕರು ಸ್ಟೇರಿಂಗ್, ಬ್ರೇಕು, ಹಾರನ್ ಯಾವುದನ್ನೇ ಮುಟ್ಟಿದರೂ ಆ ದಿನದ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕಿ ಬೀಳುತ್ತಿತ್ತು. ಚುಕ್ಕಿ ಕಡಿಮೆಯಾದಷ್ಟೂ ಗಾಡಿ ಜಾಣ ಎಂದು ಲೆಕ್ಕ. ವಾರದ ನಕ್ಷೆಯನ್ನು ಇಂಜಿನಿಯರ್ ಗೋಡೆಗೆ ಅಂಟಿಸುತ್ತಿದ್ದರು. ಯುಗಾದಿಯ ಹೊತ್ತಿಗೆ ಸೇಡಂನಿಂದ ಚಿಂಚೋಳಿಗೆ ಜನರನ್ನು ಕೂರಿಸಿಕೊಂಡು ಓಡಿಸಿ ತೋರಿಸಬೇಕು, ಅಷ್ಟರೊಳಗೆ ನಕ್ಷೆ ಸ್ವಚ್ಛವಾಗಬೇಕು ಎಂದು ಮೇಲಿಂದ ಒತ್ತಡ ಇತ್ತು. ನಮ್ಮ ಚಾಲಕರ ಚುಕ್ಕಿಗಳು ಬಹುತೇಕ ಹಾರನ್ನಿನವು.

'ಸರ್, ನೀವೇ ಹಾರನ್ ಹೊಡೀತಾ ಇದ್ರೆ ಗಾಡಿ ಕಲಿಯೋದು ಯಾವಾಗ?' ಎಂದು ಇಂಜಿನಿಯರ್ ಮೆತ್ತಗೇ ಕೇಳಿದರು.

'ರೂಢಿ ಅದ ಸರ್. ಬೆರಳು ತಾನೇ ಹೋಗ್ತದ.'

'ಅಗತ್ಯ ಇದ್ರೆ ಮುಟ್ಟಿ, ಬೇಡ ಅನ್ನೋದಿಲ್ಲ. ಆದ್ರೆ ಗಾಡಿ ಏನು ಮಾಡುತ್ತೆ ಅಂತ ಮೊದ್ಲು ನೋಡಿ.'

ಅವರು ತಲೆಯಾಡಿಸಿದರು. ನಾನು ಅಲ್ಲೇ ಇದ್ದೆ, ಸುಮ್ಮನಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ. 'ಕೈ ಕಟ್ಕೊಂಡು ಕುಂದ್ರಿ ಅಣ್ಣಾರ, ಗಾಡಿಗೆ ನಿಮಗಿಂತ ನಾಕು ಕಣ್ಣು ಜಾಸ್ತಿ ಅದಾವ' ಎಂದೆ. ಎಲ್ಲರೂ ನಕ್ಕರು. ಮುಂದಿನ ವಾರದ ನಕ್ಷೆಯಲ್ಲಿ ಚುಕ್ಕಿ ಅರ್ಧಕ್ಕೆ ಇಳಿದಿತ್ತು.

ಅಪಘಾತ ಆದದ್ದು ಒಂದು ಬೆಳಿಗ್ಗೆ, ಹತ್ತೂವರೆಯ ಸುಮಾರಿಗೆ, ಸುಲೇಪೇಟ ದಾಟಿ ಚಿಂಚೋಳಿಯ ದಾರಿಯಲ್ಲಿ. ಇಂಜಿನಿಯರ್ ಫೋನಿನಲ್ಲಿ ಮಾತಾಡುತ್ತ ಎದ್ದು ನಿಂತರು, ಮತ್ತೆ ಕೂತರು. ಕಡಲೆ ರಾಶಿಯ ನಡುವೆ ಕೂತಿದ್ದ ಒಬ್ಬ ಹೆಂಗಸಿಗೆ ಕಾರು ಬಡಿದಿತ್ತು. ಕೂಲಿಗೆ ಬಂದವಳು, ಗಾಡಿ ಬರುವ ದಿಕ್ಕಿಗೆ ಬೆನ್ನು ಹಾಕಿ ಕೂತು ಕೇರುತ್ತಿದ್ದಳು. ಚಾಲಕರು ಕೊನೆಯ ಗಳಿಗೆಯಲ್ಲಿ ಬ್ರೇಕ್ ತುಳಿದಿದ್ದರು. ಆಕೆಯ ಎಡಗಾಲು ಚಕ್ರದ ಅಡಿ ಸಿಕ್ಕಿತ್ತು.

ಆಮೇಲಿನದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಡಿಕ್ಕಿಯಾದ ಕೂಡಲೇ ಕಾರು ತನ್ನನ್ನು ತಾನೇ ಬೀಗ ಹಾಕಿಕೊಳ್ಳುತ್ತದೆ, ದೂರದ ಆಫೀಸಿನವರು ತೆರೆಯುವವರೆಗೆ ಹೆಜ್ಜೆ ಕದಲುವುದಿಲ್ಲ. ಚಾಲಕರು ರಾಶಿಯವರ ಜೊತೆ ಸೇರಿ ಕಾರನ್ನು ಎತ್ತಿ ಕಾಲು ಬಿಡಿಸಿ, ಆಕೆಯನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಹೊರಡಲು ನೋಡಿದರೆ ಗಾಡಿ ಮಿಸುಕಲಿಲ್ಲ. ಅವರು ಮತ್ತೆ ಆಕೆಯನ್ನು ಇಳಿಸಿ, ಒಂದು ಟಂಟಂ ಆಟೋ ನಿಲ್ಲಿಸಿ, ಅದರಲ್ಲಿ ಚಿಂಚೋಳಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕರೆದೊಯ್ದರು. ಮೂರನೆಯ ದಿನ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಕಂಪನಿಯ ಪರವಾಗಿ ಠಾಣೆಗೆ ಹೋದ ಇಂಜಿನಿಯರ್ ಜೊತೆ ನಾನೂ ಹೋಗಿದ್ದೆ, ಅವರಿಗೆ ನಮ್ಮ ಕಡೆಯ ಮಾತು ಪೂರ್ತಿ ತಿಳಿಯುತ್ತಿರಲಿಲ್ಲ. ಗಾಡಿಯನ್ನು ಯಂತ್ರವೇ ಓಡಿಸುತ್ತಿತ್ತು ಎಂದು ಅವರು ಬಿಡಿಸಿ ಬಿಡಿಸಿ ಹೇಳಿದರು. ಸಬ್ ಇನ್‌ಸ್ಪೆಕ್ಟರ್ ಪೂರ್ತಿ ಕೇಳಿಸಿಕೊಂಡರು.

'ಎಲ್ಲಾ ಖರೇ ಅದ್ರಿ. ಆದ್ರ ಇಲ್ಲಿ ಡ್ರೈವರ್ ಹೆಸರು ಅಂತ ಒಂದು ಕಾಲಂ ಅದ. ಅದ್ರಾಗ ಏನ್ ಬರೀಲಿ? ನಾಳೆ ಸೀಟಿನ್ಯಾಗ ಯಾರೂ ಇರಲಾರದ ಗಾಡಿ ಬರ್ತಾವಂತ. ಆವಾಗ ಖಾಲಿ ಸೀಟಿನ ಮ್ಯಾಲ ಕೇಸ್ ಹಾಕ್ಲೇನು? ಇವತ್ತು ಒಬ್ಬ ಮನುಷ್ಯ ಅದಾನ, ಲೈಸೆನ್ಸ್ ಅದ. ಬರೀತೀನಿ.'

ಬರೆದರು. ಬೆಂಚಿನ ಮೇಲೆ ಕೂತಿದ್ದ ಚಾಲಕರು ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟರು. ಕೇಸು ಸಾಬೀತಾದರೆ ಲೈಸೆನ್ಸು ಹೋಗುತ್ತದೆ, ಜೈಲೂ ಆಗಬಹುದು. ಅವರಿಗೆ ಓಡಿಸುವುದು ಬಿಟ್ಟು ಬೇರೆ ಏನೂ ಬಾರದು.

ನಾಲ್ಕು ದಿನದ ಮೇಲೆ ಆ ವಿಡಿಯೋ ನಮ್ಮ ಆಫೀಸಿಗೆ ಬಂತು. ಇನ್ನೂರ ನಲವತ್ತು ಫ್ರೇಮು, ಇಪ್ಪತ್ನಾಲ್ಕು ಸೆಕೆಂಡಿನದು. ಡಿಕ್ಕಿ ನೂರ ಎಪ್ಪತ್ತೊಂದನೆಯದರಲ್ಲಿ. ಇಂಥ ವಿಡಿಯೋಗಳಿಗೆ ಒಂದು ವಿಶೇಷ ಖಾನೆ ಇರುತ್ತದೆ: ವ್ಯಕ್ತಿ ಮೊದಲು ಕಾಣಿಸಿದ ಫ್ರೇಮು ಯಾವುದು. ಕ್ರಮದ ಪ್ರಕಾರ ಇಬ್ಬರಿಗೆ ಕೊಟ್ಟೆ. ಇಬ್ಬರೂ ಒಳ್ಳೆಯ ಕೆಲಸಗಾರರು. ಒಬ್ಬಳು ನೂರ ಐವತ್ತೈದು ಎಂದಳು, ಒಬ್ಬ ನೂರ ಐವತ್ತೊಂದು ಎಂದ. ಅಂದರೆ ಡಿಕ್ಕಿಗೆ ಹೆಚ್ಚೆಂದರೆ ಎರಡು ಸೆಕೆಂಡು ಉಳಿದಿತ್ತು. ತಾಳೆಯಾಗದ್ದರಿಂದ ಅದು ನನ್ನ ಬಳಿ ಬಂತು.

ನಾನು ಕೊನೆಯಿಂದ ಮೊದಲಿಗೆ ನೋಡುವವಳು, ಡಿಕ್ಕಿಯಿಂದ ಶುರುಮಾಡಿ ಒಂದೊಂದೇ ಫ್ರೇಮು ಹಿಂದಕ್ಕೆ. ನೂರ ಅರವತ್ತರಲ್ಲಿ ಆಕೆ ಚೆನ್ನಾಗಿ ಕಾಣುತ್ತಾಳೆ, ಬೆನ್ನು, ತಲೆಗೆ ಸುತ್ತಿದ ಮಾಸಿದ ಟವೆಲ್ಲು, ಮೊರ ಹಿಡಿದ ಮೊಣಕೈ. ನೂರ ಐವತ್ತರಲ್ಲಿ ಕಡಲೆಯದೇ ಬಣ್ಣದ ಒಂದು ದಿಬ್ಬ. ನೂರ ನಲವತ್ತಕ್ಕೆ ದಿಬ್ಬವೂ ಇಲ್ಲ, ಬಿಸಿಲಿಗೆ ಅಲುಗಾಡಿದಂತೆ ಕಾಣುವ ರಸ್ತೆ ಮತ್ತು ಅದರ ಮೇಲೆ ಕಂದು ಹಾಸು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಬಿಡಲಿಲ್ಲ. ನೂರ ಮೂವತ್ತು, ನೂರ ಇಪ್ಪತ್ತು. ರಾಶಿಯ ಮಧ್ಯೆ ಒಂದು ಕಡೆ ಹೊಗೆಯಂಥದ್ದು ಏಳುತ್ತಿತ್ತು. ಎರಡು ಫ್ರೇಮು ಎದ್ದು, ಆರು ಫ್ರೇಮು ಇಲ್ಲ, ಮತ್ತೆ ಎರಡು ಫ್ರೇಮು ಎದ್ದು ಎಡಕ್ಕೆ ಸರಿದು ಮಾಯ. ಅದು ಹೊಟ್ಟು. ಗಾಳಿಗೆ ಸುಮ್ಮನೆ ಏಳುವ ಧೂಳಿಗೆ ಹಾಗೆ ತಾಳ ಇರುವುದಿಲ್ಲ. ಮೊರ ಎತ್ತಿ ಕೇರುವ ಕೈಗೆ ಮಾತ್ರ ಇರುತ್ತದೆ. ನಮ್ಮವ್ವ ಕೇರುವುದನ್ನು ಎಷ್ಟು ವರ್ಷ ನೋಡಿದ್ದೇನೆ. ಮೊದಲ ಸಲ ಹೊಟ್ಟು ಎದ್ದದ್ದು ತೊಂಬತ್ತಾರನೆಯ ಫ್ರೇಮಿನಲ್ಲಿ. ಅದರ ಕೆಳಗೆ, ದೊಡ್ಡದು ಮಾಡಿ ನೋಡಿದರೆ, ನಾಲ್ಕೈದು ಚುಕ್ಕೆಯಷ್ಟು ಕಪ್ಪು. ಟವೆಲ್ಲಿನಿಂದ ಹೊರಬಿದ್ದ ಆಕೆಯ ತಲೆಗೂದಲು.

ನನ್ನ ಮುಂದೆ ಎರಡು ದಾರಿ ಇದ್ದವು. ಇಬ್ಬರಲ್ಲಿ ಒಬ್ಬರದನ್ನು ಒಪ್ಪಿ ಮುಚ್ಚಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ತೊಂಬತ್ತಾರು ಎಂದು ಬರೆದು ಹೊಟ್ಟಿಗೂ ಒಂದು ಗುರುತು ಹಾಕಿದರೆ ಗಾಡಿ ಅದನ್ನು ಕಲಿಯುತ್ತದೆ, ಮುಂದೆ ಹೊಟ್ಟು ಎದ್ದಲ್ಲಿ ಹೆಂಗಸು ಇದ್ದಾಳೆಂದು ತಿಳಿಯುತ್ತದೆ, ಇನ್ನೊಬ್ಬಳ ಕಾಲು ಹೋಗುವುದಿಲ್ಲ. ನಾನು ಯೋಚಿಸಿದ್ದು ಇಷ್ಟೇ. ಯೋಚನೆಯ ಜೊತೆ ನನ್ನ ಕಣ್ಣಿನ ಮೇಲಿನ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ತೊಂಬತ್ತಾರರಿಂದ ನೂರ ಎಪ್ಪತ್ತೊಂದರವರೆಗೆ ಒಂದೊಂದಕ್ಕೂ ಹಸಿರು ಚೌಕ ಎಳೆದೆ. ಎಪ್ಪತ್ತಾರು ಚೌಕ. ಆಕೆ ಪ್ರತಿ ಫ್ರೇಮಿನಲ್ಲೂ ದೊಡ್ಡದಾಗುತ್ತ ಬರುತ್ತಿದ್ದಳು, ಒಮ್ಮೆಯೂ ತಿರುಗಿ ನೋಡಲಿಲ್ಲ. ಮುಗಿಸಿ ಒಪ್ಪಿಗೆಯ ಗುಂಡಿ ಒತ್ತಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ.

ಹದಿನೈದು ದಿನದ ಮೇಲೆ ಕಂಪನಿಯ ವರದಿ ಬಂತು. ಪೊಲೀಸರಿಗೆ ಕೊಡಲು ತಯಾರಿಸಿದ್ದು. ಎರಡನೆಯ ಪುಟದಲ್ಲಿ ತೊಂಬತ್ತಾರನೆಯ ಫ್ರೇಮನ್ನು ದೊಡ್ಡದಾಗಿ ಮುದ್ರಿಸಿದ್ದರು, ನನ್ನ ಹಸಿರು ಚೌಕದ ಸಮೇತ. ಕೆಳಗೆ ಬರೆದದ್ದು ಇಷ್ಟು: ಡಿಕ್ಕಿಗೆ ಏಳೂವರೆ ಸೆಕೆಂಡು ಮುಂಚೆಯೇ ವ್ಯಕ್ತಿ ಮನುಷ್ಯನ ಕಣ್ಣಿಗೆ ಕಾಣುತ್ತಿದ್ದರು; ಯಂತ್ರವಿನ್ನೂ ಕಲಿಕೆಯ ಹಂತದಲ್ಲಿದೆ; ಇಂಥ ಸಂದರ್ಭಕ್ಕೆಂದೇ ನೇಮಿಸಿದ ಚಾಲಕರು ಸಕಾಲದಲ್ಲಿ ಗಾಡಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಹಾರನ್ನಿನ ಮಾತಿಲ್ಲ, ಕೆಂಪು ಚುಕ್ಕಿಯ ಮಾತಿಲ್ಲ, ನಿಯಮ ನಲವತ್ತೊಂದರ ಮಾತಿಲ್ಲ.

ಇಂಜಿನಿಯರ್ ಬಳಿ ಓಡಿದೆ.

'ಸರ್, ಅದು ಗಾಡಿಗೆ ಕಲಿಸ್ಲಿಕ್ಕ ಹಾಕಿದ್ದು. ಮನಷ್ಯಾನ ಮ್ಯಾಲ ಹಾಕ್ಲಿಕ್ಕಲ್ಲ. ನಾ ನೂರಾ ಐವತ್ತೈದು ಮಾಡ್ತೀನಿ, ತೆಗೀರಿ ಸರ್ ಅದನ್ನ.'

'ಆ ಗುರುತಿಗೆ ಬೀಗ ಬಿದ್ದಿದೆ. ಈಗ ಬದಲಿಸಿದ್ರೆ ತಿದ್ದಿದ್ದೀರಿ ಅಂತ ದಾಖಲಾಗುತ್ತೆ, ಇನ್ನೂ ಕೆಟ್ಟದು.' ಅವರು ನನ್ನ ಮುಖ ನೋಡದೆ ಹೇಳಿದರು. 'ಒಂದು ಮಾತು ಕೇಳ್ಲಾ? ತೊಂಬತ್ತಾರರಲ್ಲಿ ಅವರು ಇದ್ರು ಅಲ್ವಾ? ನಿಮಗೆ ಕಂಡ್ರು ಅಲ್ವಾ?'

ಕಂಡಿದ್ದಳು. ಆದರೆ ಅದು ಆರಾಮ ಕುರ್ಚಿಯಲ್ಲಿ ಕೂತು, ಡಿಕ್ಕಿ ಎಲ್ಲಿ ಆಗುತ್ತದೆಂದು ಮೊದಲೇ ತಿಳಿದುಕೊಂಡು, ಹತ್ತು ಪಟ್ಟು ದೊಡ್ಡದು ಮಾಡಿ, ಅರ್ಧ ದಿನ ಹುಡುಕಿ ಕಂಡದ್ದು ಎಂದು ಹೇಳಿದೆ. ಅದನ್ನು ಬರೆದು ಕೊಡಿ, ಮೇಲೆ ಕಳಿಸುತ್ತೇನೆ ಎಂದರು. ಬರೆದು ಕೊಟ್ಟೆ. ಅವರು ಕಳಿಸಿದರೂ ಇರಬೇಕು, ಕೆಟ್ಟವರಲ್ಲ. ಉತ್ತರ ಬರಲಿಲ್ಲ. ಅದೇ ತಿಂಗಳು ಪರೀಕ್ಷೆಯನ್ನು ಬೇರೆ ಜಿಲ್ಲೆಗೆ ಒಯ್ಯುವುದಾಗಿ ತಿಳಿಸಿ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋದರು.

ಒಂದು ಭಾನುವಾರ ಆ ಹೆಂಗಸಿನ ಊರಿಗೆ ಹೋದೆ, ಸುಲೇಪೇಟದಿಂದ ಒಳಗೆ. ಗೋಡೆಗೆ ಒರಗಿ ಕೂತಿದ್ದಳು, ಕಾಲಿದ್ದ ಜಾಗದ ಮೇಲೆ ಸೀರೆಯ ಸೆರಗು ಎಳೆದುಕೊಂಡಿದ್ದಳು. ನಾನು ಕಂಪನಿಯವಳೆಂದು ಹೇಳಿದ ಮೇಲೂ ಚಹಾ ಮಾಡಲು ಮಗಳಿಗೆ ಕೂಗಿದಳು.

'ಅವ ಡ್ರೈವರ್ ಛಲೋ ಮನಷ್ಯಾನೇ ಇದ್ದ ಅನಸ್ತದ. ನನ್ನ ಎತ್ಕೊಂಡು ಅಳ್ಲಿಕತ್ತಿದ್ದ. ಆದ್ರ ಹಾರನ್ ಯಾಕ ಹೊಡೀಲಿಲ್ಲ ಅವ್ವ? ಹಾರನ್ ಆದ್ರ ಏಳ್ತೀನಲ್ಲ ನಾ. ಆ ಗಾಡಿಗಿ ಸದ್ದೂ ಇಲ್ಲ, ಏನಿಲ್ಲ. ಹಾರನ್ ಹೊಡೀಬೇಕಂತ ಅವರಿಗಿ ಯಾರೂ ಹೇಳಿದ್ದಿಲ್ಲೇನು?'

ಹೇಳಬೇಕಾದವಳು ನಾನೇ ಎಂದು ಅವಳಿಗೆ ಹೇಳಲು ನನ್ನ ಕೈಲಾಗಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಇಷ್ಟು ಹೇಡಿತನ ನನ್ನಲ್ಲಿದೆಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ವಾರ ಕೂತು ಒಂದು ಹೇಳಿಕೆ ಬರೆದೆ, ಕೋರ್ಟಿಗೆ ಕೊಡಲು. ಎರಡು ಹಾಳೆ. ನಿಯಮ ನಲವತ್ತೊಂದು ನಾನು ಬರೆದದ್ದು, ಅದರಲ್ಲಿ ಹಾರನ್ ಬಿಟ್ಟದ್ದು ನನ್ನ ತಪ್ಪು. ಹಾರನ್ ಮುಟ್ಟಿದರೆ ಕೆಂಪು ಚುಕ್ಕಿ ಬೀಳುತ್ತಿತ್ತು. ತೊಂಬತ್ತಾರನೆಯ ಫ್ರೇಮಿನ ಗುರುತು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಹುಡುಕಿದ್ದು. ಓಡುವ ಗಾಡಿಯಲ್ಲಿ ಕೂತ ಸಾಮಾನ್ಯ ಮನುಷ್ಯನ ಕಣ್ಣಿಗೆ ಆ ವ್ಯಕ್ತಿ ನೂರ ಐವತ್ತನೆಯ ಫ್ರೇಮಿನ ಮೊದಲು ಕಾಣುವುದು ಅಸಾಧ್ಯ. ಈ ಕೊನೆಯ ಸಾಲೇ ಮುಖ್ಯ, ಕೇಸು ನಿಂತರೂ ಬಿದ್ದರೂ ಅದರ ಮೇಲೆಯೇ ಎಂದು ನಾನು ಕೇಳಿದ ವಕೀಲರು ಹೇಳಿದ್ದರು. ಆ ಸಾಲಿಗೆ ಅಡಿಗೆರೆ ಎಳೆದು, ಚಾಲಕರಿಗೆ ಒಮ್ಮೆ ತೋರಿಸೋಣವೆಂದು ಸೇಡಂಗೆ ಹೋದೆ.

ಅವರು ಮನೆಯ ಮುಂದೆ ನೆರಳಿನಲ್ಲಿ ಮಂಚ ಹಾಕಿಕೊಂಡು ಕೂತಿದ್ದರು. ಲೈಸೆನ್ಸು ಠಾಣೆಯಲ್ಲಿತ್ತು. 'ಬರ್ರಿ ಮೇಡಂ, ಕುಂದ್ರಿ' ಎಂದು ಮಂಚದ ಅರ್ಧ ಬಿಟ್ಟುಕೊಟ್ಟರು. ಹಾಳೆಗಳನ್ನು ಕೊಟ್ಟೆ. ಕನ್ನಡಕ ತರಿಸಿ, ತುಟಿ ಅಲುಗಿಸುತ್ತ ನಿಧಾನವಾಗಿ ಓದಿದರು. ಅಡಿಗೆರೆ ಎಳೆದ ಸಾಲಿಗೆ ಬಂದು ನಿಂತರು. ಮತ್ತೊಮ್ಮೆ ಓದಿದರು.

'ಇದು ತಪ್ಪದ್ರಿ' ಎಂದರು.

'ಯಾವುದ್ರಿ?'

'ಕಾಣೋದಿಲ್ಲ ಅಂತ ಬರದೀರಲ್ಲ. ಹೊಟ್ಟು ಹಾರೋದು ನನಗ ಕಂಡಿತ್ತು. ನಿಮಗಿಂತ ಮೊದ್ಲೇ ಕಂಡಿತ್ತು. ಇಪ್ಪತ್ತೆರಡು ವರ್ಷ ಅದೇ ರಸ್ತಾದಾಗ ಹೊಡದೀನ್ರಿ, ಹೊಟ್ಟು ನೋಡಿದ್ರ ಕುಂತಾಕಿ ಮುದುಕಿನೋ ಪೋರಿನೋ ಹೇಳ್ತೀನಿ.'

ಅವರು ಕನ್ನಡಕ ತೆಗೆದು ಮಂಚದ ಮೇಲಿಟ್ಟರು.

'ಕೈ ಹಾರನ್ ಮ್ಯಾಲೇ ಹೋಗಿತ್ತು. ಆ ವಾರ ನಂದು ಒಂದೂ ಚುಕ್ಕಿ ಇದ್ದಿಲ್ಲ. ಗಾಡಿಗಿ ಆರು ಕಣ್ಣು ಅದಾವ, ನನಗ ಕಂಡದ್ದು ಅದಕ್ಕ ಕಂಡಿರಲಾರದೇನು, ಈಗ ನಿಂದರ್ತದ, ಈಗ ನಿಂದರ್ತದ ಅಂತ ಕೈ ಹಿಂದಕ್ಕ ತಗೊಂಡೆ. ನಿಂದರ್ಲಿಲ್ಲ.'

'ಇದನ್ನ ಪೊಲೀಸರಿಗಿ ಯಾಕ ಹೇಳಿಲ್ರಿ? ಕಂಪನಿಯವ್ರಿಗಿ?'

'ಯಾರು ಕೇಳಿದ್ರು?' ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. 'ಅವರು ಕಂಪ್ಯೂಟರಿಗಿ ಕೇಳಿದ್ರು, ನಿಮಗ ಕೇಳಿದ್ರು. ನೀವೂ ಎರಡು ಹಾಳಿ ಬರಕೊಂಡೇ ಬಂದೀರಿ.'

ಹೌದು. ಅವರನ್ನು ಉಳಿಸುತ್ತೇನೆಂದು ಹೊರಟ ನಾನು, ಆ ಏಳೂವರೆ ಸೆಕೆಂಡು ಅವರು ಏನು ಕಂಡರೆಂದು ಅವರನ್ನು ಒಂದು ಸಲವೂ ಕೇಳಿರಲಿಲ್ಲ. ನನಗೆ ಅಲ್ಲೇ ನೆಲಕ್ಕಿಳಿದು ಹೋಗಬೇಕೆನಿಸಿತು.

'ಇದು ಹಿಂಗೇ ಇರ್ಲಿ ಅಣ್ಣಾರ' ಎಂದು ಬೇಡಿಕೊಂಡೆ. 'ಈ ಒಂದು ಸಾಲಿನ ಮ್ಯಾಲೇ ನೀವು ಉಳೀತೀರಿ. ಯಾರಿಗೂ ಗೊತ್ತಾಗೋದಿಲ್ಲ.'

'ಆಕಿಗಿ ಗೊತ್ತದಲ್ರಿ' ಎಂದರು. 'ಎತ್ತಿಕೊಂಡಾಗ ಆಕಿ ಅದೇ ಕೇಳಿದ್ಳು, ಕಂಡಿದ್ದಿಲ್ಲೇನಪ್ಪಾ ನಾ ಅಂತ. ಕಂಡಿದ್ದಿ ಅವ್ವಾ ಅಂತ ಹೇಳೀನಿ ನಾ. ಈಗ ಇಲ್ಲ ಅಂತ ಹೆಂಗ ಹೇಳ್ಲಿ?'

ಅವರು ನನ್ನ ಕೈಯಲ್ಲಿದ್ದ ಪೆನ್ನು ತಾವೇ ತೆಗೆದುಕೊಂಡು, ಅಡಿಗೆರೆ ಎಳೆದ ಸಾಲನ್ನು ಎರಡು ಸಲ ಹೊಡೆದುಹಾಕಿ, ಹಾಳೆಗಳನ್ನು ನನ್ನ ಕೈಗೆ ಕೊಟ್ಟರು. ಮರುದಿನ ಅದನ್ನು ಹಾಗೆಯೇ ವಕೀಲರಿಗೆ ತಲುಪಿಸಿದೆ. ಅವರು ಮೇಲಿಂದ ಕೆಳಗೆ ನೋಡಿ, ಆ ಸಾಲು ಹೋದ ಮೇಲೆ ಇದನ್ನು ಕೊಡುವುದರಿಂದ ಚಾಲಕರಿಗೆ ಏನೂ ಉಪಯೋಗವಿಲ್ಲ ಎಂದು ಹೇಳಿ ನನಗೇ ಹಿಂತಿರುಗಿಸಿದರು.